ಗಲ್ಲಾದ ಎರಡನೇ ಖಾನೆ

ಹೋದ ಭಾನುವಾರ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದ ತಿಂಗಳ ಕೂಟದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಎಂದು ಕಾರ್ಯದರ್ಶಿಗಳು ಹಿಂದೆ ಬಿದ್ದಿದ್ದಾರೆ. ಮಾತಾಡುವಾಗ ಬಾಯಿಗೆ ಬರುವುದು ಬೇರೆ, ಬರೆಯಲು ಕೂತಾಗ ನೆನಪಾಗುವುದು ಬೇರೆ. ಹಾಗಾಗಿ ಅವತ್ತು ಅಲ್ಲಿದ್ದವರಿಗೆ ಇದರಲ್ಲಿ ಒಂದೆರಡು ಹೊಸ ಮಾತು ಕಾಣಬಹುದು. ನನ್ನ ಕೆಮ್ಮು ಮತ್ತು ಮೈಕಿನ ಗೊರಗೊರ ಎರಡನ್ನೂ ಬಿಟ್ಟಿದ್ದೇನೆ.

ಅವತ್ತು ಸಭೆಗೆ ಬರುವಾಗ ನಾನೊಂದು ಕಿತಾಪತಿ ಮಾಡಿದ್ದೆ. ಬಿದ್ದ ಹಣ ಸಿಕ್ಕರೆ ಏನು ಮಾಡಬೇಕು ಎಂದು ವಿಷಯ ಇಟ್ಟುಕೊಂಡು ಸುಮ್ನೆ ಭಾಷಣ ಬಿಗಿದರೆ ಏನು ಚೆಂದ? ಅದಕ್ಕೇ ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ 100 ರೂಪಾಯಿಯ ಒಂದು ನೋಟನ್ನು ನಾಲ್ಕು ಮಡಿಕೆ ಮಾಡಿ ಬೀಳಿಸಿ, ಏನೂ ಗೊತ್ತಿಲ್ಲದವನ ಹಾಗೆ ಮೆಟ್ಟಿಲು ಹತ್ತಿ ಬಂದಿದ್ದೆ. ನೋಟಿನ ನಂಬರನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. 37 ವರ್ಷ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಜಾಸ್ತಿ ಕಾಲ ಕ್ಯಾಶ್ ಕೌಂಟರಿನಲ್ಲೇ, ಆ ಚಟ ಹೋಗುವುದಿಲ್ಲ. ಇದನ್ನು ಹೇಳಿದ ಕೂಡಲೇ ಮೊದಲ ಸಾಲಿನಲ್ಲಿದ್ದ ಇಬ್ಬರು ಜೇಬು ಮುಟ್ಟಿ ನೋಡಿಕೊಂಡರು. ನಗಬೇಡಿ, ನಾನೂ ಅದನ್ನೇ ಮಾಡುತ್ತಿದ್ದೆ. ಆ ನೋಟಿನ ಕಥೆ ಕೊನೆಗೆ ಹೇಳುತ್ತೇನೆ.

ನಾನು ಮುಂಬೈಗೆ ಬಂದದ್ದು 1970ರಲ್ಲಿ, 14ನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ. ನಮ್ಮ ಕಡೆಯ ಹುಡುಗರ ದಾರಿ ನಿಮಗೆ ಗೊತ್ತೇ ಇದೆ. ಹಗಲು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ, ಶಾಲೆ ಮುಗಿಸಿ ಬಂದ ಮೇಲೆ ನೆಲ ತೊಳೆಯುವುದು, ಆಮೇಲೆ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುವುದು. ಊಟ, ತಿಂಡಿ ಕಳೆದು ತಿಂಗಳಿಗೆ 30 ರೂಪಾಯಿ.

ಧಣಿಗಳ ಗಲ್ಲಾ ಮರದ್ದು. ಒಳಗೆ ಖಾನೆಗಳು. ಮೊದಲನೆಯದರಲ್ಲಿ ನೋಟು, ಮೂರನೆಯದರಿಂದ ಮುಂದೆ ಚಿಲ್ಲರೆ. ನಡುವೆ ಒಂದು ಖಾನೆಗೆ ಪುಟ್ಟ ಮುಚ್ಚಳ ಇತ್ತು. ಅದರಲ್ಲಿದ್ದದ್ದು ಹೋಟೆಲಿನ ಹಣ ಅಲ್ಲ, ಗಿರಾಕಿಗಳು ಬಿಟ್ಟುಹೋದದ್ದು. ಮೇಜಿನ ಕೆಳಗೆ ಏನೇ ಸಿಗಲಿ, ಎಂಟಾಣೆಯೇ ಆಗಲಿ, ಆಗಲೇ ಗಲ್ಲಾಕ್ಕೆ ಕೊಡಬೇಕು. ಅವರು ಅದನ್ನು ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ತಾರೀಕು, ಹೊತ್ತು, ಎಷ್ಟನೇ ಮೇಜು. ಕೊಡೆಗಳಿಗೆ ಮಾತ್ರ ಖಾನೆ ಸಾಲದೆ ಹಿಂದೆ ಗೋಡೆಯಲ್ಲಿ ಬೇರೆ ಮೊಳೆ. ದೀಪಾವಳಿಗೆ ಗಲ್ಲಾ ಪೂಜೆ ಮಾಡುವಾಗ ಎಲ್ಲ ಖಾನೆ ಖಾಲಿ ಮಾಡಿ ಎಣಿಸುತ್ತಿದ್ದರು, ಇದೊಂದನ್ನು ಎಣಿಸುತ್ತಿರಲಿಲ್ಲ.

1971ರ ಮೇ ತಿಂಗಳ ಒಂದು ರಾತ್ರಿ ನೆಲ ತೊಳೆಯುವಾಗ ಬೆಂಚಿನ ಕಾಲಿಗೂ ಗೋಡೆಗೂ ನಡುವೆ ಪೊರಕೆಗೆ ಏನೋ ಸಿಕ್ಕಿಕೊಂಡಿತು. ರಬ್ಬರ್ ಬಟ್ಟೆಯ ಒಂದು ಚೀಲ, ಅಂಗೈ ಅಗಲದ್ದು. ಒಳಗೆ ಸುಣ್ಣದ ಡಬ್ಬಿ, ಒಂದು ಚಿಟಿಕೆ ತಂಬಾಕು, 140 ರೂಪಾಯಿ, ಮತ್ತೆ ಅರ್ಧ ತುಂಬಿದ ಒಂದು ಮನಿ ಆರ್ಡರ್ ಫಾರಂ. ಬೇರೆ ಯಾರೂ ನೋಡಲಿಲ್ಲ. ಧಣಿಗಳು ಮನೆಗೆ ಹೋಗಿಯಾಗಿತ್ತು. ನಾಳೆ ಬೆಳಿಗ್ಗೆ ಕೊಟ್ಟರಾಯಿತು ಎಂದುಕೊಂಡೆ. ದೇವರಾಣೆಗೂ ಆ ರಾತ್ರಿ ನನಗೆ ಕದಿಯುವ ಯೋಚನೆ ಇರಲಿಲ್ಲ.

ಬೆಳಿಗ್ಗೆ ಗಿರಾಕಿಗಳ ಗಲಾಟೆ. ಮಧ್ಯಾಹ್ನ ಧಣಿಗಳು ಸಿಟ್ಟಿನಲ್ಲಿದ್ದರು. ಸಂಜೆ ಶಾಲೆ. ಎರಡನೇ ದಿನ, ಇಷ್ಟು ಹೊತ್ತು ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಫಾರಂನಲ್ಲಿ ಹೆಸರು, ವಿಳಾಸ ಇತ್ತು, ಆದರೆ ಅದು ಮರಾಠಿ, ನನಗೆ ಓದಲು ಬರುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಕ್ಕದಲ್ಲಿ ಮಲಗುವ ಹುಡುಗನಿಗೆ ಚೆನ್ನಾಗಿ ಬರುತ್ತಿತ್ತು, ಕೇಳಲಿಲ್ಲ. ಮೂರನೇ ದಿನಕ್ಕೆ, ಯಾರೂ ಹುಡುಕಿಕೊಂಡು ಬರಲಿಲ್ಲ, ಬೇಕಾದವರಾಗಿದ್ದರೆ ಬರುತ್ತಿರಲಿಲ್ಲವೇ ಎಂಬ ನ್ಯಾಯ. ನಾಲ್ಕನೇ ದಿನ ಅದು ದೇವರೇ ಕೊಟ್ಟ ಹಣ ಆಗಿಬಿಟ್ಟಿತು, ಯಾಕೆಂದರೆ ಊರಲ್ಲಿ ಮಳೆಗಾಲ ಬರುವುದರೊಳಗೆ ಮಾಡಿಗೆ ಹೊಸ ಹುಲ್ಲು ಹೊದೆಸಬೇಕು ಎಂದು ಅಮ್ಮ ಯಾರ ಕೈಯಲ್ಲೋ ಕಾಗದ ಬರೆಸಿ ಹಾಕಿದ್ದಳು, ಅದು ಅವತ್ತೇ ಬಂದು ಮುಟ್ಟಿತ್ತು. ವಿಟಿ ರೈಲು ನಿಲ್ದಾಣದ ಹತ್ತಿರದ ದೊಡ್ಡ ಅಂಚೆ ಕಚೇರಿಗೆ ಹೋಗಿ ಅಮ್ಮನ ಹೆಸರಿಗೆ 100 ರೂಪಾಯಿ ಎಂಒ ಮಾಡಿದೆ.

ಐದನೇ ದಿನ ಅವನು ಬಂದ. ಗೋದಿಯಲ್ಲಿ, ಅಂದರೆ ಬಂದರಿನ ಕಟ್ಟೆಯಲ್ಲಿ, ಮೂಟೆ ಹೊರುವವನು, ನೀಲಿ ಅಂಗಿ, ಭುಜದ ಹತ್ತಿರ ಅಂಗಿ ಸವೆದು ತೂತಾಗಿತ್ತು. ಎಲ್ಲಿ ಬಿತ್ತೆಂದು ಅವನಿಗೂ ಗೊತ್ತಿರಲಿಲ್ಲ, ಆ ದಿನ ಚಹಾ ಕುಡಿದ, ಕೂತ, ನಿಂತ ಜಾಗಗಳನ್ನೆಲ್ಲ ಒಂದೊಂದಾಗಿ ಕೇಳುತ್ತಾ ಬಂದಿದ್ದ. ಧಣಿಗಳು ಮುಚ್ಚಳ ತೆಗೆದು ನೋಡಿದರು. ಇಲ್ಲ. ಹುಡುಗರನ್ನೆಲ್ಲ ಕರೆದರು. ನಾನು ಬಾಯಿ ಬಿಡುವ ಮೊದಲೇ ಅಳು ಬಂತು.

ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಗಲ್ಲಾದಿಂದ 140 ರೂಪಾಯಿ ಎಣಿಸಿ ಅವನಿಗೆ ಕೊಟ್ಟರು. ಒಂದು ಚಹಾ ಕೊಡಿಸಿದರು. ನನ್ನಲ್ಲಿ ಉಳಿದಿದ್ದ ಚಿಲ್ಲರೆಯನ್ನು ತೆಗೆದುಕೊಂಡು, ಬಾಕಿಗೆ ತಿಂಗಳಿಗೆ 10 ರೂಪಾಯಿ ಮುರಿದುಕೊಳ್ಳುತ್ತೇನೆ ಎಂದರು. ಆಮೇಲೆ ಒಂದೇ ಮಾತು. "ಮೊದ್ಲ್ ದಿನವೇ ಗಲ್ಲಾಕ್ಕೆ ಹಾಕಿರೆ ನಿಂಗೆ ಆಲೋಚ್ನಿ ಮಾಡೂ ಕೆಲ್ಸವೇ ಇರ್ತಿರ್ಲಿಲ್ಲ ಅಲ್ದಾ, ಮಾಣಿ?"

ಇವತ್ತಿಗೂ ನನಗೆ ಈ ವಿಷಯದಲ್ಲಿ ಗೊತ್ತಿರುವುದು ಅಷ್ಟೇ. ಉಳಿದದ್ದೆಲ್ಲ ಅದಕ್ಕೆ ಹಚ್ಚಿದ ಉಪ್ಪುಖಾರ. ಬಿದ್ದ ಹಣ ನಮ್ಮ ಹತ್ತಿರ ಒಂದೊಂದು ರಾತ್ರಿ ಕಳೆದಾಗಲೂ ಸ್ವಲ್ಪ ಸ್ವಲ್ಪ ನಮ್ಮದಾಗುತ್ತಾ ಬರುತ್ತದೆ. ಒಳ್ಳೆಯವರಿಗೆ ಈ ರೋಗ ಜಾಸ್ತಿ, ಯಾಕೆಂದರೆ ಕಳ್ಳನಿಗೆ ನೆಪ ಬೇಕಾಗುವುದಿಲ್ಲ.

ಬ್ಯಾಂಕಿಗೆ ಸೇರಿದ ಮೇಲೆ ಸಿಎಐಐಬಿ ಎಂಬ ಬ್ಯಾಂಕ್ ನೌಕರರ ಪರೀಕ್ಷೆಗೆ ಕಾನೂನು ಓದಬೇಕಾಯಿತು. 1872ರ ಕಂಟ್ರಾಕ್ಟ್ ಕಾಯ್ದೆಯ 71ನೇ ಕಲಮು ಓದಿದಾಗ ಆ ರಬ್ಬರ್ ಚೀಲ ಕಣ್ಣ ಮುಂದೆ ಬಂತು. ಬೇರೆಯವರ ವಸ್ತು ಸಿಕ್ಕಿ ಅದನ್ನು ನೀವು ಕೈಗೆ ತೆಗೆದುಕೊಂಡರೆ, ಯಾರೋ ನಂಬಿ ನಿಮ್ಮ ಹತ್ತಿರ ಇಟ್ಟುಹೋದ ವಸ್ತುವನ್ನು ಎಷ್ಟು ಜೋಪಾನ ಮಾಡಬೇಕೋ ಇದನ್ನೂ ಅಷ್ಟೇ ಜೋಪಾನ ಮಾಡಬೇಕು ಎನ್ನುತ್ತದೆ ಅದು. ಎತ್ತಲೇಬೇಕು ಎಂದು ಎಲ್ಲೂ ಇಲ್ಲ. ಎತ್ತಿದರೆ ಮಾತ್ರ ಹೊಣೆ. ಕಾಯ್ದೆಯಲ್ಲಿ ಎತ್ತಿದವರ ಪರವಾಗಿಯೂ ಎರಡು ಮಾತಿದೆ. ವಾರಸುದಾರರನ್ನು ಹುಡುಕಲು ಆದ ಖರ್ಚು, ತೊಂದರೆಗೆ ಏನಾದರೂ ಕೊಡುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು, ಆದರೆ ಅದಕ್ಕಾಗಿ ದಾವೆ ಹೂಡುವಂತಿಲ್ಲ. ತಂದುಕೊಟ್ಟವರಿಗೆ ಇಷ್ಟು ಬಹುಮಾನ ಎಂದು ಅವರೇ ಸಾರಿದ್ದರೆ ಅದನ್ನು ಮಾತ್ರ ದಾವೆ ಹಾಕಿಯೂ ಪಡೆಯಬಹುದು.

ಇನ್ನೊಂದು 1860ರ ದಂಡ ಸಂಹಿತೆ, ಅದರ 403ನೇ ಕಲಮು. ಅದರಲ್ಲಿರುವ ಉದಾಹರಣೆಗಳನ್ನು ಓದಿದರೆ ಕಾನೂನು ಪುಸ್ತಕ ಅನ್ನಿಸುವುದಿಲ್ಲ, ಯಾರೋ ಅಜ್ಜ ಮೊಮ್ಮಕ್ಕಳಿಗೆ ಹೇಳಿದ ಹಾಗಿದೆ. ಒಬ್ಬನಿಗೆ ಹೆದ್ದಾರಿಯಲ್ಲಿ ಒಂದು ರೂಪಾಯಿ ಸಿಗುತ್ತದೆ, ಯಾರದ್ದೆಂದು ಗೊತ್ತಿಲ್ಲ, ಎತ್ತಿಕೊಂಡ. ತಪ್ಪಲ್ಲ. ಇನ್ನೊಬ್ಬನಿಗೆ ರಸ್ತೆಯಲ್ಲಿ ಕಾಗದ ಸಿಗುತ್ತದೆ, ಒಳಗೆ ನೋಟು, ವಿಳಾಸ ಓದಿದರೆ ಯಾರ ಹಣ ಎಂದು ತಿಳಿಯುತ್ತದೆ, ಆದರೂ ಇಟ್ಟುಕೊಂಡ. ತಪ್ಪು. ಮತ್ತೊಬ್ಬ, ಪರ್ಸ್ ಬಿದ್ದದ್ದನ್ನು ನೋಡಿ, ಕೊಡಬೇಕೆಂದೇ ಎತ್ತಿದ, ಆಮೇಲೆ ಮನಸ್ಸು ಬದಲಾಯಿತು. ಅದೂ ತಪ್ಪು. ಬೆಲೆಬಾಳುವ ಉಂಗುರ ಸಿಕ್ಕವನು ಯಾರದ್ದೆಂದು ವಿಚಾರಿಸದೆ ಕೂಡಲೇ ಮಾರಿದ. ತಪ್ಪು. ಅಂದರೆ ಕಾನೂನು ಮೊದಲು ಕೇಳುವುದು ಎಷ್ಟು ಹಣ ಎಂದಲ್ಲ. ಯಾರದ್ದೆಂದು ಪತ್ತೆ ಮಾಡಲು ದಾರಿ ಇತ್ತಾ, ಸರಿಯಾಗಿ ಹುಡುಕಿದೆಯಾ, ಸಾಕಷ್ಟು ದಿನ ಕಾದೆಯಾ, ಇವು ಮೂರು. ಸಾಕಷ್ಟು ದಿನ ಎಂದರೆ ಎಷ್ಟು? ಅದನ್ನು ಬರೆದಿಲ್ಲ, ಆಯಾ ಸಂದರ್ಭ ನೋಡಿ ಹೇಳಬೇಕು. ನನ್ನ ಚೀಲದಲ್ಲಿ ಹೆಸರು, ವಿಳಾಸ ಎರಡೂ ಇತ್ತು. ಓದಲು ಬರುವುದಿಲ್ಲ ಎಂಬ ನೆಪ ನಡೆಯುತ್ತಿರಲಿಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಇದು ಅದರಲ್ಲಿ 314ನೇ ಕಲಮು. ಮೊದಲು ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿತ್ತು. ಈಗ ಕಡಿಮೆಯೆಂದರೆ ಆರು ತಿಂಗಳು ಜೈಲು, ಜೊತೆಗೆ ದಂಡ. ಬಿಗಿ ಆಗಿದೆ. ಆದರೆ ಜೈಲಿಗೆ ಹೆದರಿ ಯಾರಾದರೂ ಪರ್ಸ್ ವಾಪಸ್ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ನಮ್ಮವರಲ್ಲಿ ಇದಕ್ಕಿಂತ ಬಿಗಿಯಾದ ಮಾತೊಂದಿದೆ. 12ನೇ ಶತಮಾನದ ಶರಣೆ ಸತ್ಯಕ್ಕ ಒಂದು ವಚನದಲ್ಲಿ, ಬಟ್ಟೆಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈ ಮುಟ್ಟಿ ಎತ್ತುವುದಿಲ್ಲ ಎಂದು ಶಿವನ ಮೇಲೆ ಆಣೆ ಇಡುತ್ತಾಳೆ. (ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ಶಾಲೆಯಲ್ಲಿ ಓದುವಾಗ ನಾನು ಬಟ್ಟೆಯ ಗಂಟಿನಲ್ಲಿ ಚಿನ್ನ ಸಿಕ್ಕಿತು ಎಂದೇ ತಿಳಿದಿದ್ದೆ.) ಆಕೆಯ ಕಾಯಕ ಅಂಗಳ ಗುಡಿಸುವುದು ಎನ್ನುತ್ತಾರೆ. ಅದಕ್ಕೇ ಆ ಮಾತಿಗೆ ತೂಕ. ದಿನಾ ನೆಲ ನೋಡುತ್ತಾ ಕೆಲಸ ಮಾಡುವವರಿಗೇ ಬಿದ್ದದ್ದು ಸಿಗುವುದು. ಕಾರಿನಲ್ಲಿ ಓಡಾಡುವವರಿಗೆ ಏನು ಸಿಗುತ್ತದೆ? ಇವತ್ತು ನಮ್ಮ ಮುಂಬೈಯಲ್ಲೂ ಪರ್ಸ್, ಉಂಗುರ ಮೊದಲು ಕಣ್ಣಿಗೆ ಬೀಳುವುದು ಸಫಾಯಿ ಕೆಲಸದವರಿಗೆ, ರಿಕ್ಷಾದವರಿಗೆ, ಹೋಟೆಲ್ ಹುಡುಗರಿಗೆ.

ನನ್ನ ಹೆಂಡತಿ ಸತ್ಯಕ್ಕನ ಪಾರ್ಟಿ. "ಮುಟ್ಟಬೇಡಿ ರೀ, ಯಾರ ಕಣ್ಣೀರೋ ಏನೋ" ಎನ್ನುತ್ತಾಳೆ. ಮೂರು ದಾರಿ ಸೇರುವಲ್ಲಿ ಬಿದ್ದ ನಾಣ್ಯವನ್ನಂತೂ ನಮ್ಮ ಊರಿನವರು ಯಾರೂ ಎತ್ತುವುದಿಲ್ಲ, ದೃಷ್ಟಿ ತೆಗೆದು ಹಾಕಿದ್ದಿರಬಹುದು ಎಂಬ ಭಯ. ಆಯಿತು, ನಾಣ್ಯ ಬಿಡಿ. ಆದರೆ ಪರ್ಸ್ ಬಿದ್ದಿರುವಾಗ ಮುಟ್ಟದೆ ದಾಟಿ ಹೋದರೆ ನಮ್ಮ ಕೈ ಶುದ್ಧವಾಗಿ ಉಳಿಯುತ್ತದೆ, ಕಳೆದುಕೊಂಡವನಿಗೆ ಏನು ಉಳಿಯುತ್ತದೆ? ದಾದರ್ ಸೇತುವೆಯ ಮೇಲೆ ನೀವು ಎತ್ತದಿದ್ದರೆ ಹತ್ತು ಸೆಕೆಂಡಿನಲ್ಲಿ ಇನ್ನೊಬ್ಬ ಎತ್ತುತ್ತಾನೆ. ಸತ್ಯಕ್ಕನಿಗೆ ಕೈಮುಗಿದು, ಈ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಎತ್ತಬೇಕು, ಆದರೆ ಜೇಬಿಗೆ ಹಾಕುವ ಮೊದಲು ಇನ್ನೊಬ್ಬರಿಗೆ ತಿಳಿಸಬೇಕು.

ಮುಂಬೈ ಜನ ವಾಪಸ್ ಕೊಡುತ್ತಾರಾ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2013ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯವರು ಜಗತ್ತಿನ 16 ನಗರಗಳಲ್ಲಿ, ಒಂದೊಂದು ನಗರಕ್ಕೆ 12ರ ಹಾಗೆ ಪರ್ಸ್ ಬೀಳಿಸಿದರು. ಒಳಗೆ ಸುಮಾರು 50 ಡಾಲರಿಗೆ ಸಮನಾದ ಹಣ, ಕುಟುಂಬದ ಫೋಟೋ, ಫೋನ್ ನಂಬರು. ಹೆಲ್ಸಿಂಕಿಯಲ್ಲಿ 11 ವಾಪಸ್ ಬಂದವು. ಎರಡನೇ ಸ್ಥಾನ ಯಾರದು ಹೇಳಿ? ನಮ್ಮ ಮುಂಬೈ, 9. ಕೊನೆಗೆ ಲಿಸ್ಬನ್, ಒಂದೇ ಒಂದು, ಅದನ್ನೂ ತಂದುಕೊಟ್ಟವರು ಹಾಲೆಂಡಿನಿಂದ ಪ್ರವಾಸಕ್ಕೆ ಬಂದ ದಂಪತಿ. ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಬಿತ್ತು. ಹನ್ನೆರಡು ಪರ್ಸಿನಿಂದ ಒಂದು ಊರನ್ನು ಅಳೆಯಲಾಗುವುದಿಲ್ಲ ಎಂದು ನಾನು ಹೇಳಿದ್ದು ಆ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ದೊಡ್ಡ ಪರೀಕ್ಷೆ ಮಾಡಿದ್ದು ಕೆಲವು ಅರ್ಥಶಾಸ್ತ್ರಜ್ಞರು, ಅದು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 40 ದೇಶ, 355 ನಗರ, 17,303 ಪರ್ಸ್. ಭಾರತವೂ ಅದರಲ್ಲಿತ್ತು. ಇವರು ರಸ್ತೆಯಲ್ಲಿ ಬೀಳಿಸಲಿಲ್ಲ. ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರಿಗೆ ಹೋಗಿ, ಹೊರಗೆ ಬಿದ್ದಿತ್ತು, ನನಗೆ ಅವಸರ ಇದೆ, ನೀವೇ ಏನಾದರೂ ಮಾಡಿ ಎಂದು ಕೊಟ್ಟು ಹೋದರು. ಕೆಲವದರಲ್ಲಿ ಹಣ ಇತ್ತು, ಕೆಲವದರಲ್ಲಿ ಇರಲಿಲ್ಲ. ಹಣ ಇದ್ದರೆ ಜನ ನುಂಗುತ್ತಾರೆ ಎಂದುಕೊಳ್ಳುತ್ತೇವೆ ಅಲ್ವಾ? ಆದದ್ದು ತಿರುಗುಮುರುಗು. ಹಣ ಇಲ್ಲದ ಪರ್ಸಿನ ವಾರಸುದಾರರಿಗೆ ತಿಳಿಸಿದವರು ಸರಾಸರಿ ನೂರಕ್ಕೆ 40, ಹಣ ಇದ್ದದ್ದಕ್ಕೆ 51. ಮೂರು ದೇಶಗಳಲ್ಲಿ ಹಣವನ್ನು ಏಳು ಪಟ್ಟು ಜಾಸ್ತಿ ಇಟ್ಟು ನೋಡಿದರು, ಅಲ್ಲಿ ನೂರಕ್ಕೆ 72ಕ್ಕೆ ಏರಿತು. ಪರ್ಸಿನಲ್ಲಿ ಒಂದು ಬೀಗದ ಕೈ ಇದ್ದರೆ ವಾಪಸ್ ಬರುವುದು ಇನ್ನೂ ಜಾಸ್ತಿ. ಬೀಗದ ಕೈ ಸಿಕ್ಕವನಿಗೆ ಉಪಯೋಗಕ್ಕೆ ಬಾರದು, ಕಳೆದುಕೊಂಡವನು ಮಾತ್ರ ಮನೆಯ ಹೊರಗೆ ನಿಂತಿರುತ್ತಾನೆ. ಅದು ಕಣ್ಣಿಗೆ ಕಂಡ ಕೂಡಲೇ ಪರ್ಸಿನ ಹಿಂದೆ ಒಬ್ಬ ಮನುಷ್ಯ ಕಾಣುತ್ತಾನೆ. ಹಣ ಜಾಸ್ತಿಯಾದಷ್ಟೂ, ಇಟ್ಟುಕೊಂಡರೆ ನಾನು ಕಳ್ಳ ಎಂದು ನಮಗೇ ಅನ್ನಿಸುವುದೂ ಜಾಸ್ತಿಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ನನಗೆ ಒಪ್ಪಿಗೆ ಇದೆ. ನನ್ನ ಚೀಲದಲ್ಲಿ 1,400 ಇದ್ದಿದ್ದರೆ ಹೆದರಿ ಅದೇ ರಾತ್ರಿ ಧಣಿಗಳ ಮನೆಗೆ ಓಡುತ್ತಿದ್ದೆ.

ಕಳೆದುಕೊಂಡವರ ಮುಖ ಕಾಣುವುದು ಎಂದಾಗ ನನಗೆ ನೆನಪಾಗುವುದು ದಾದರಿನ ಒಬ್ಬ ಹೂ ಮಾರುವ ಬಾಯಿ, ಅಂದರೆ ಹೆಂಗಸು. ನಮ್ಮ ಬ್ಯಾಂಕಿನಲ್ಲಿ ಅವರದೊಂದು ಉಳಿತಾಯ ಖಾತೆ. 1994ರಲ್ಲಿ ಒಂದು ಶುಕ್ರವಾರ 5,000 ರೂಪಾಯಿ ತೆಗೆಯಲು ಬಂದರು, 50ರ ನೋಟೇ ಬೇಕು ಎಂದರು. ನಾನು ಗಡಿಬಿಡಿಯಲ್ಲಿ 50ರ ಕಟ್ಟು ಎಂದು 100ರ ಕಟ್ಟು ಕೊಟ್ಟೆ. ಒಂದು ಕಟ್ಟಿನಲ್ಲಿ ನೂರು ನೋಟು, ಅಂದರೆ 10,000. ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಕ್ಯಾಶಿಯರ್ ಕೆಲಸದ ನಿಯಮ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಎಕ್ಸೆಸ್ ಬಂದರೆ ಬ್ಯಾಂಕಿನ ಒಂದು ಬೇರೆ ಖಾತೆಗೆ ಹೋಗಿ ಕೇಳುವವರು ಬರುವ ತನಕ ಅಲ್ಲೇ ಕೂತಿರುತ್ತದೆ, ಶಾರ್ಟ್ ಬಂದರೆ ಕ್ಯಾಶಿಯರ್ ಕೈಯಿಂದ ಕಟ್ಟಬೇಕು. ಐದು ಸಾವಿರ ಎಂದರೆ ಆಗ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ. ಮನೆಯಲ್ಲಿ ಹೇಳಲಿಲ್ಲ.

ಮಾರನೇ ದಿನ ಶಟರ್ ಅರ್ಧ ಎತ್ತಿರುವಾಗಲೇ ಬಾಯಿ ಬಾಗಿ ಒಳಗೆ ಬಂದರು. ಸೊಂಟದ ಸೆರಗಿನಿಂದ ಪ್ಲಾಸ್ಟಿಕ್ ಕವರು, ಅದರೊಳಗೆ ಕರವಸ್ತ್ರ, ಅದರೊಳಗೆ ಕಟ್ಟು. ಬ್ಯಾಂಕಿನ ಸೀಲ್ ಪಟ್ಟಿ ಹಾಗೇ ಇತ್ತು, ಬಿಚ್ಚಿರಲಿಲ್ಲ. ನೋಟಿಗೆ ಸೇವಂತಿಗೆಯ ವಾಸನೆ. "ರಾತ್ರಿ ನಿದ್ದೆ ಬರಲಿಲ್ಲ ಸಾಹೇಬ್, ನಿಮಗೂ ಬಂದಿರಲಿಕ್ಕಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಅದು ನನ್ನ ಕೈಯಿಂದ ಹೋಗುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ. ಏನಾದರೂ ಕೊಡೋಣ ಎಂದರೆ ಒಪ್ಪಲಿಲ್ಲ. ಅವತ್ತಿನಿಂದ ಅವರ ಸ್ಲಿಪ್ಪು, ಫಾರಂ ಎಲ್ಲ ನಾನೇ ತುಂಬಿದೆ, ಬೇರೆ ಶಾಖೆಗೆ ವರ್ಗವಾಗುವ ತನಕ.

ಈಗ ಕೆಲಸಕ್ಕೆ ಬರುವ ಮಾತು. ಲೋಕಲ್‌ನಲ್ಲಿ ಪರ್ಸ್ ಸಿಕ್ಕಿದರೆ ಯಾವ ಗಾಡಿ, ಎಷ್ಟನೇ ಡಬ್ಬಿ, ಎಷ್ಟು ಹೊತ್ತು ಎಂದು ಬರೆದುಕೊಳ್ಳಿ, ಇಳಿದಲ್ಲಿ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲೋ ರೈಲ್ವೆ ರಕ್ಷಣಾ ಪಡೆಯ, ಅಂದರೆ ಆರ್‌ಪಿಎಫ್‌ನವರ ಹತ್ತಿರವೋ ಕೊಟ್ಟು ಒಂದು ಚೀಟಿ ಬರೆಸಿಕೊಳ್ಳಿ. ನಿಮ್ಮದೇ ಕಳೆದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಆರ್‌ಪಿಎಫ್‌ನವರು ಪ್ರಯಾಣಿಕರು ಬಿಟ್ಟುಹೋದ ಸಾಮಾನನ್ನು ಆಪರೇಷನ್ ಅಮಾನತ್ ಎಂಬ ಹೆಸರಿನಲ್ಲಿ ವಾಪಸ್ ಕೊಡುತ್ತಾರೆ. ಆದರೆ ಬ್ಯಾಗ್ ಮಾತ್ರ ಮುಟ್ಟಬೇಡಿ. 2006ರ ಜುಲೈ 11ರ ಸಂಜೆ ಪಶ್ಚಿಮ ಲೈನಿನ ಗಾಡಿಗಳಲ್ಲಿ ಏಳು ಬಾಂಬು ಸಿಡಿದದ್ದನ್ನು ನೋಡಿದ ಊರು ಇದು. ವಾರಸುದಾರರಿಲ್ಲದ ಬ್ಯಾಗಿಗೆ ಇಲ್ಲಿ ಬೇರೆ ನಿಯಮ, ದೂರ ನಿಂತು ಪೊಲೀಸರಿಗೆ ತಿಳಿಸಿ.

ಸಿಕ್ಕಿದ್ದನ್ನು ಊರಿಗೆಲ್ಲ ಸಾರುವಾಗ ಅರ್ಧ ಮಾತು ಹೊಟ್ಟೆಯಲ್ಲೇ ಇಟ್ಟುಕೊಳ್ಳಿ. ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಒಮ್ಮೆ 2,000 ರೂಪಾಯಿ ಸಿಕ್ಕಿತು. ಸಿಕ್ಕವರು ಬಹಳ ಪ್ರಾಮಾಣಿಕರು, ಕೂಡಲೇ ವಾಟ್ಸಾಪಿನಲ್ಲಿ ಹಾಕಿದರು, ಲಿಫ್ಟಿನಲ್ಲಿ 500ರ ನಾಲ್ಕು ನೋಟು ಸಿಕ್ಕಿದೆ, ಕಳೆದುಕೊಂಡವರು ಬನ್ನಿ ಎಂದು, ಫೋಟೋ ಸಮೇತ. ಹತ್ತು ನಿಮಿಷದಲ್ಲಿ ಐದು ಜನ ಕಳೆದುಕೊಂಡಿದ್ದರು! ಸ್ವಲ್ಪ ಹಣ ಸಿಕ್ಕಿದೆ, ಎಷ್ಟು, ಎಲ್ಲಿ, ಹೇಗಿತ್ತು ಎಂದು ಹೇಳಿದವರಿಗೆ ಕೊಡುತ್ತೇವೆ ಎಂದಷ್ಟೇ ಬರೆಯಬೇಕಿತ್ತು. ನಮ್ಮ ಧಣಿಗಳೂ ಹಾಗೇ, ಏನು ಸಿಕ್ಕಿತ್ತೆಂದು ಅವರು ಹೇಳುತ್ತಿರಲಿಲ್ಲ, ಬಂದವರಿಂದ ಹೇಳಿಸುತ್ತಿದ್ದರು.

ಬಿದ್ದಿರುವ ಹಣವೆಲ್ಲ ಬಿದ್ದ ಹಣ ಅಲ್ಲ ಎಂಬುದನ್ನೂ ಹೇಳಬೇಕು. ಬ್ಯಾಂಕಿನ ಬಾಗಿಲಲ್ಲಿ ಎಷ್ಟು ಸಲ ನೋಡಿದ್ದೇನೋ. ಹಣ ತೆಗೆದುಕೊಂಡು ಹೊರಬಂದವರ ಕಾಲ ಹತ್ತಿರ ಹತ್ತರ ನಾಲ್ಕು ನೋಟು ಚೆಲ್ಲಿ, "ಕಾಕಾ, ನಿಮ್ಮ ಪೈಸೆ ಬಿದ್ದಿದೆ" ಎನ್ನುತ್ತಾರೆ. ಅವರು ಬಾಗುತ್ತಾರೆ. ಸ್ಕೂಟರಿನ ಮೇಲಿಟ್ಟ ಬ್ಯಾಗು ಹೋಗುತ್ತದೆ. ನಲವತ್ತು ರೂಪಾಯಿಗೆ ನಲವತ್ತು ಸಾವಿರ. ಇನ್ನೊಂದು, ನೋಟಿನ ಕಟ್ಟು ಸಿಕ್ಕಿದೆ, ಇಬ್ಬರೂ ಹಂಚಿಕೊಳ್ಳೋಣ, ಅಲ್ಲಿಯ ತನಕ ನಿಮ್ಮ ಬಳೆ ನನ್ನ ಹತ್ತಿರ ಇರಲಿ ಎನ್ನುವುದು. ಕಟ್ಟಿನ ಮೇಲೊಂದು, ಕೆಳಗೊಂದು ನೋಟು, ನಡುವೆ ಪೂರಾ ಕಾಗದ.

ಈಗ ರಸ್ತೆಗಿಂತ ಜಾಸ್ತಿ ಫೋನಿನಲ್ಲಿ ಹಣ ಬೀಳುತ್ತದೆ. ಒಂದು ಅಂಕಿ ತಪ್ಪಿ ನಿಜವಾಗಿಯೂ ಯಾರದ್ದೋ ಹಣ ನಮ್ಮ ಖಾತೆಗೆ ಬರಬಹುದು. ಆದರೆ ನನ್ನ ಸೊಸೆಗೆ ಬಂದದ್ದು ಹಣ ಅಲ್ಲ, ಬರೀ ಮೆಸೇಜು. ಬ್ಯಾಂಕಿನದೇ ಎನ್ನುವ ಹಾಗೆ 8,000 ಜಮಾ ಆಗಿದೆ ಎಂದು. ಹಿಂದೆಯೇ ಫೋನು, "ಅಕ್ಕಾ, ಆಸ್ಪತ್ರೆಗೆ ಕಟ್ಟಬೇಕಿತ್ತು, ತಪ್ಪಿ ನಿಮಗೆ ಬಂತು, ಈ ನಂಬರಿಗೆ ಕಳಿಸಿ" ಎಂದು ಅಳು. ಅವಳು ಕಳಿಸಿಯೇ ಬಿಡುತ್ತಿದ್ದಳು. ಮೊದಲು ಖಾತೆ ತೆರೆದು ಬ್ಯಾಲೆನ್ಸ್ ನೋಡಮ್ಮ ಎಂದೆ. ಒಂದು ಪೈಸೆ ಬಂದಿರಲಿಲ್ಲ.

ಒಂದು ವೇಳೆ ನಿಜವಾಗಿ ಬಂದಿದ್ದರೂ ಫೋನ್ ಮಾಡಿದವನು ಹೇಳಿದ ನಂಬರಿಗೆ ಕಳಿಸಬಾರದು. ನಿಮ್ಮ ಬ್ಯಾಂಕಿಗೆ ಹೇಳಿ ನಾನು ನನ್ನ ಬ್ಯಾಂಕಿಗೆ ಹೇಳುತ್ತೇನೆ ಎನ್ನಿ, ಬರೆದು ಕೊಡಿ, ಹಣ ಮುಟ್ಟದೆ ಇಡಿ, ಬಂದ ದಾರಿಯಲ್ಲೇ ಅದು ವಾಪಸ್ ಹೋಗಲಿ. ಯಾಕೆಂದರೆ ಅದು ಇನ್ನೊಬ್ಬರಿಗೆ ಟೋಪಿ ಹಾಕಿ ತೆಗೆದ ಹಣವೂ ಆಗಿರಬಹುದು, ನೀವು ಮುಂದಕ್ಕೆ ದಾಟಿಸಿದರೆ ಪೊಲೀಸರ ಲೆಕ್ಕದಲ್ಲಿ ನೀವೂ ಒಂದು ಕೊಂಡಿ, ಖಾತೆಗೆ ಬೀಗ ಬೀಳುತ್ತದೆ. ಮೋಸ ಆಗಿಯೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಬರಲು ಪಿನ್ ಒತ್ತಬೇಕಾಗಿಲ್ಲ, ಹೋಗಲು ಮಾತ್ರ ಒತ್ತಬೇಕು, ಇದನ್ನು ಅಡಿಗೆಮನೆ ಗೋಡೆಗೆ ಬರೆದು ಅಂಟಿಸಿ.

ಇನ್ನೊಂದು ಬಗೆಯ ಕಳೆದ ಹಣ ಇದೆ, ಅದು ನಮ್ಮ ಮುಂಬೈ ಕನ್ನಡಿಗರದ್ದೇ. ಹೋಟೆಲ್ ಹುಡುಗರು ಫೋರ್ಟ್, ಮಾಟುಂಗಾ ಕಡೆಯ ಬ್ಯಾಂಕುಗಳಲ್ಲಿ ಖಾತೆ ತೆರೆದು, ಊರಿಗೆ ಹೋದವರು ತಿರುಗಿ ಬರದೆ, ಪಾಸ್‌ಬುಕ್ ಟ್ರಂಕಿನಲ್ಲೇ ಉಳಿದದ್ದು ಎಷ್ಟೋ ಇದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ಹಣ ಮುಳುಗಲಿಲ್ಲ, ಖಾತೆದಾರರು ಅಥವಾ ವಾರಸುದಾರರು ದಾಖಲೆ ಹಿಡಿದು ಅದೇ ಬ್ಯಾಂಕಿಗೆ ಹೋಗಿ ಯಾವಾಗ ಬೇಕಾದರೂ ಕೇಳಬಹುದು. 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಪೋರ್ಟಲ್ ಶುರುವಾಗಿದೆ, ಅದರಲ್ಲಿ ಹಲವು ಬ್ಯಾಂಕುಗಳ ಇಂಥ ಖಾತೆಗಳನ್ನು ಹೆಸರು ಹಾಕಿ ಒಟ್ಟಿಗೆ ಹುಡುಕಬಹುದು. ಅಜ್ಜನ ಹೆಸರನ್ನು ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿ. ನಮ್ಮ ಹೆಸರುಗಳನ್ನು ಆ ಕಾಲದ ಗುಮಾಸ್ತರು ಏನೇನೋ ಬರೆದಿದ್ದಾರೆ, ಅದರಲ್ಲಿ ಒಂದಿಷ್ಟು ನಾನೂ ಬರೆದಿದ್ದೇನೆ.

ಕೊನೆಗೆ ಸಭೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಒಬ್ಬರು, ವಾರಸುದಾರರು ಸಿಗಲೇ ಇಲ್ಲ, ರಸ್ತೆಯಲ್ಲಿ ಸಿಕ್ಕ ಬಿಡಿ 50 ರೂಪಾಯಿ, ಹುಂಡಿಗೆ ಹಾಕಿದರೆ ಆಯಿತಲ್ಲ ಎಂದರು. ಹಾಕಿ, ಬೇಡ ಎನ್ನುವುದಿಲ್ಲ. ಆದರೆ ನನಗೆ ಆ ಹುಂಡಿಯ ಮೇಲೆ ಸ್ವಲ್ಪ ಅನುಮಾನ. ಯಾರದ್ದೋ ಕೆರೆಯ ನೀರು, ನಮ್ಮ ಹೆಸರಿನ ಅರವಟ್ಟಿಗೆ. ಮೊದಲು ಒಂದು ನಿಮಿಷ ಅಲ್ಲೇ ನಿಂತು, ನೆಲ ನೋಡುತ್ತಾ ಹಿಂದೆ ಬರುವವರು ಇದ್ದಾರಾ ನೋಡಿ. ಹತ್ತಿರದ ಪಾನ್ ಅಂಗಡಿಯವನನ್ನು ಕೇಳಿ, ಅವನಿಗೆ ಆ ರಸ್ತೆಯ ಜಾತಕವೇ ಗೊತ್ತಿರುತ್ತದೆ. ಅದಾದ ಮೇಲೆ ಹುಂಡಿಗೋ, ಹಸಿದವರಿಗೋ ನಿಮ್ಮ ಇಷ್ಟ. ಹಾಗೆ ಸಿಕ್ಕ ಹಣದಲ್ಲಿ ನಾನು ಒಮ್ಮೆ ವಡಾಪಾವ್ ತಿಂದಿದ್ದೇನೆ, ಚೆನ್ನಾಗಿಯೇ ಇತ್ತು.

ಇನ್ನೊಬ್ಬರು, ಮನೆ ಕೆಲಸಕ್ಕೆ ಬರುವ ಬಾಯಿ ನೆಲ ಒರೆಸುವಾಗ ಸಿಕ್ಕ ಓಲೆಯನ್ನು ತಂದುಕೊಟ್ಟರು, ಎಷ್ಟು ಕೊಡಬೇಕು ಎಂದು ಕೇಳಿದರು. ಜಪಾನಿನಲ್ಲಿ ಇದಕ್ಕೆ ಕಾನೂನೇ ಇದೆ. ಸಿಕ್ಕಿದ್ದನ್ನು ಪೊಲೀಸ್ ಚೌಕಿಗೆ ಕೊಟ್ಟವರಿಗೆ ಬೆಲೆಯ ನೂರಕ್ಕೆ 5ರಿಂದ 20ರವರೆಗೆ ಪಾಲು, ಮೂರು ತಿಂಗಳಲ್ಲಿ ಯಾರೂ ಬರದಿದ್ದರೆ ವಸ್ತು ಸಿಕ್ಕವರಿಗೇ. ನಮ್ಮಲ್ಲಿ ಅಂಥ ಲೆಕ್ಕ ಇಲ್ಲ. ನಾನು ಹೇಳಿದ್ದು ಇಷ್ಟೇ, ಕೊಡುವಾಗ ಹಳೆ ಸೀರೆ ಕೊಡಬೇಡಿ, ಹಣ ಕೊಡಿ. ಮತ್ತೆ ಇಡೀ ಬಿಲ್ಡಿಂಗಿಗೆ ಅವರ ಹೆಸರು ಹೇಳಿ, ನಾಳೆ ಯಾರ ಮನೆಯಲ್ಲಾದರೂ ಏನಾದರೂ ಕಳೆದರೆ ಮೊದಲು ಅನುಮಾನ ಬೀಳುವುದು ಅವರ ಮೇಲೆಯೇ ಅಲ್ವಾ.

ಈಗ ನನ್ನ 100 ರೂಪಾಯಿ. ಚಹಾದ ಹೊತ್ತಿಗೆ ಕಾರ್ಯದರ್ಶಿಗಳು ನಗುತ್ತಾ ಬಂದು, ಯಾರೋ ಚಪ್ಪಲಿ ಹತ್ತಿರ ಸಿಕ್ಕಿತು ಎಂದು ಆಗಲೇ ಕೊಟ್ಟಿದ್ದರು, ತಗೊಳ್ಳಿ ಸಾರ್, ನಮ್ಮ ಬಳಗ ಪಾಸಾಯಿತು ಎಂದು ನೋಟು ಕೈಗೆ ಕೊಟ್ಟರು. ಕನ್ನಡಕ ಹಾಕಿಕೊಂಡು ಡೈರಿ ತೆಗೆದೆ. ನಂಬರು ಬೇರೆ. ಇನ್ನೊಮ್ಮೆ ನೋಡಿದೆ. ಬೇರೆಯೇ. ನನ್ನ ನೋಟಿಗೆ ನಾಲ್ಕು ಮಡಿಕೆ ಇತ್ತು, ಇದಕ್ಕೆ ಹಾಗಿಲ್ಲ. ಕಾರ್ಯದರ್ಶಿಗಳ ಮುಖ ಸಣ್ಣದಾಯಿತು. ನನ್ನದು ಎಲ್ಲಿ ಹೋಯಿತೋ, ಹೋಗಲಿ, ಬೀಳಿಸಿದ್ದು ನಾನೇ. ಆದರೆ ಇದು ನಿಜವಾಗಿ ಯಾರದ್ದೋ ಬಿದ್ದ ಹಣ. ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಕು ಬರೆದು, ಬಳಗದ ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ. ನಿಮ್ಮದಾಗಿದ್ದರೆ ಶನಿವಾರ ಸಂಜೆ ಐದರ ಮೇಲೆ ಬನ್ನಿ, ನೋಟು ಹೇಗೆ ಮಡಚಿತ್ತು, ಅದರ ಜೊತೆ ಇನ್ನೇನಿತ್ತು ಎಂದು ಹೇಳಿ ತೆಗೆದುಕೊಂಡು ಹೋಗಿ.